ಗಿಡದ ಅಕ್ವೇರಿಯಂ ತಳಕ್ಕೆ ಯಾವ ಮಣ್ಣು? ಬಳ್ಳಾರಿ, ರಾಯಚೂರು, ಕೊಪ್ಪಳದ ನೀರಿಗೆ ತಕ್ಕ ಆಯ್ಕೆ

ಸಿಂಧನೂರಿರಲಿ, ಗಂಗಾವತಿ ಇರಲಿ, ಬಳ್ಳಾರಿ ಇರಲಿ, ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎರಡಡಿ ಟ್ಯಾಂಕ್ ತಂದೀನ್ರಿ, ಗಿಡ ಬೆಳಸಬೇಕು. ತಳಕ್ಕ ಏನ್ ಹಾಕ್ಲಿ?" ಅದರ ಬೆನ್ನಿಗೇ ಮೂರು ಅನುಮಾನ. ಆನ್‌ಲೈನ್‌ನಲ್ಲಿ ಸಿಗುವ ಅಕ್ವಾಸಾಯಿಲ್ ಎಂಬ ಸಿದ್ಧ ಮಣ್ಣುಕಾಳಿಗೆ ಸಾವಿರಾರು ರೂಪಾಯಿ ಸುರಿಯಲೇಬೇಕಾ? ಬರೀ ಉಸುಕು ಹಾಕಿದರೆ ಗಿಡ ಬರಲ್ವಾ? ಮನೆ ಹಿಂದೆಯೇ ಹೊಲ ಇರುವಾಗ ಅಲ್ಲಿಂದ ಒಂದು ಬುಟ್ಟಿ ಮಣ್ಣು ತಂದರೆ ಏನು ತಪ್ಪು?

ಮೂರಕ್ಕೂ "ಧಾರಾಳವಾಗಿ ಆಗುತ್ತೆ" ಅನ್ನುವವರು ಸಿಗುತ್ತಾರೆ, "ಮುಟ್ಟಲೇಬೇಡಿ" ಅನ್ನುವವರೂ ಸಿಗುತ್ತಾರೆ. ಇಬ್ಬರೂ ಅವರವರ ಊರಿನ ನೀರಿನ ಮಟ್ಟಿಗೆ ಸರಿಯೇ ಇರಬಹುದು. ತೊಡಕೆಂದರೆ, ನಾವು ನೋಡಿ ಕಲಿಯುವ ವಿಡಿಯೊಗಳಲ್ಲಿ ಹೆಚ್ಚಿನವು ಮೆದು ನೀರು, ತಂಪು ಹವೆ ಇರುವ ಕಡೆ ಮಾಡಿದವು. ನಮ್ಮಲ್ಲಿ ಬೋರ್‌ವೆಲ್ ನೀರು, ನಲವತ್ತು ಡಿಗ್ರಿ ದಾಟುವ ಬೇಸಿಗೆ. ಅಲ್ಲಿ ಮೊದಲ ಸ್ಥಾನ ಪಡೆದ ಚೀಲ ಇಲ್ಲಿ ಮೂರಕ್ಕೆ ಇಳಿಯಬಹುದು. ಆದ್ದರಿಂದ ನನ್ನ ಸಲಹೆ ಸ್ವಲ್ಪ ತಿರುಗುಮುರುಗು: ಮೊದಲು ನೀರು ನೋಡಿ, ಆಮೇಲೆ ಗಿಡ, ಕಡೆಗೆ ಚೀಲದ ಬೆಲೆ.

ಮೊದಲು ನಿಮ್ಮ ನೀರು ಯಾವುದು

ತುಂಗಭದ್ರೆ ಮಲೆನಾಡಿನಿಂದ ಇಳಿದು ಬರುವ ನದಿ. ಆ ನೀರು ನಮ್ಮ ಬೋರ್‌ವೆಲ್‌ಗಳಿಗೆ ಹೋಲಿಸಿದರೆ ಸಾಕಷ್ಟು ಮೆದು. ಕಾಲುವೆ ಅಥವಾ ನದಿ ನೀರು ನಲ್ಲಿಗೆ ಬರುವ ಮನೆಯವರು ಅರ್ಧ ಯುದ್ಧ ಗೆದ್ದಂತೆ. ಬೋರ್‌ವೆಲ್ ನೀರು ಹಾಗಲ್ಲ. ಸ್ಟೀಲ್ ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವುದು, ಗೀಸರ್ ಕಾಯಿಲ್ ಮೇಲೆ ಸುಣ್ಣ ಕೂರುವುದು, ಸೋಪು ನೊರೆ ಬಿಡದಿರುವುದು ಇವೆಲ್ಲ ಅದರದೇ ಗುರುತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. ಈ ಎರಡು ಅಂಕಿಗಳ ನಡುವೆ ನಿಮ್ಮ ಬೋರ್‌ವೆಲ್ ಎಲ್ಲಿದೆ ಎನ್ನುವುದರ ಮೇಲೆ ಮುಂದಿನ ಮಾತೆಲ್ಲ ನಿಂತಿದೆ.

ಗಡಸು ಅಂದರೂ ಅದರಲ್ಲಿ ಎರಡು ಬಗೆ. ಕ್ಯಾಲ್ಸಿಯಂ, ಮೆಗ್ನೀಷಿಯಂನದು ಜಿಎಚ್. ಇದು ಗಿಡಕ್ಕೂ ಬೇಕು, ಮೀನಿಗೂ ಬೇಕು. ಸುಮ್ಮನೆ ಇದನ್ನು ಬೈಯುತ್ತಾರೆ. ಬೈಕಾರ್ಬನೇಟಿನದು ಕೆಎಚ್. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಅನ್ನು ಮೇಲೆ ಹಿಡಿದು ಕೂರಿಸುವುದು, ಅಕ್ವಾಸಾಯಿಲ್ ಜೊತೆ ಜಗಳಕ್ಕೆ ಬೀಳುವುದು ಇದೇ. ಆರ್‌ಓ ಅಂಗಡಿಯವರ ಟಿಡಿಎಸ್ ಪೆನ್ ಒಟ್ಟು ಕರಗಿದ ಲವಣವನ್ನಷ್ಟೇ ತೋರಿಸುತ್ತದೆ, ಕೆಎಚ್ ಹೇಳುವುದಿಲ್ಲ. ಮಣ್ಣಿಗೆ ದುಡ್ಡು ಹಾಕುವ ಮುಂಚೆ ಕೆಎಚ್ ನೋಡುವ ಡ್ರಾಪ್ ಟೆಸ್ಟ್ ಕಿಟ್ ಒಂದು ತನ್ನಿ. ಗಾಜಿನ ನಳಿಕೆಯಲ್ಲಿ 5 ಮಿ.ಲೀ. ನೀರು ಹಿಡಿದು ಒಂದೊಂದೇ ಹನಿ ಬಿಟ್ಟು ಅಲ್ಲಾಡಿಸುತ್ತಾ ಹೋಗುವುದು; ನೀಲಿ ಬಣ್ಣ ಹಳದಿಗೆ ತಿರುಗಿದ ಹನಿಯೇ ಉತ್ತರ. ಸಾಮಾನ್ಯ ಕಿಟ್‌ಗಳಲ್ಲಿ ಒಂದು ಹನಿಗೆ ಒಂದು ಡಿಗ್ರಿ, ಅಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ನಾಲ್ಕೈದು ಹನಿಯಲ್ಲಿ ತಿರುಗಿದರೆ ಯಾವ ಮಣ್ಣಾದರೂ ನಡೆಯುತ್ತದೆ. ಹನ್ನೆರಡು, ಹದಿನೈದು ಹನಿ ಬಿಟ್ಟರೂ ನೀಲಿಯೇ ಇದ್ದರೆ ಅಕ್ವಾಸಾಯಿಲ್ ವಿಷಯವನ್ನು ಇನ್ನೊಮ್ಮೆ ಯೋಚಿಸಿ.

ಇಲ್ಲಿ ನಮ್ಮ ಕಡೆಯವರಿಗೆ ಮಾತ್ರ ಇರುವ ಒಂದು ಪೇಚಿದೆ. ಜನವರಿಯಲ್ಲಿ ನಲ್ಲಿಗೆ ಬರುವುದು ಕಾಲುವೆ ನೀರು. ಕಾಲುವೆ ಬಂದ್ ಆಗಿ ಕೆರೆ ತಳ ಕಂಡಾಗ ಅದೇ ಮನೆಗೆ ಬರುವುದು ಟ್ಯಾಂಕರಿನ ಬೋರ್‌ವೆಲ್ ನೀರು. ಚಳಿಗಾಲದ ನೀರು ಪರೀಕ್ಷಿಸಿ ಮಣ್ಣು ಆರಿಸಿದವರು ಬೇಸಿಗೆಯಲ್ಲಿ ಗಿಡದ ಎಲೆಯೆಲ್ಲ ಏಕೆ ಕರಗಿತು ಎಂದು ತಲೆ ಕೆರೆದುಕೊಳ್ಳುತ್ತಾರೆ. ವರ್ಷದಲ್ಲಿ ನಿಮಗೆ ಸಿಗುವ ಅತಿ ಗಡಸು ನೀರು ಯಾವುದೋ ಅದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಸಮಾಧಾನದ ಸಂಗತಿಯೂ ಉಂಟು. ಎರಡಡಿ ಟ್ಯಾಂಕ್ ಎಂದರೆ 60×30×30 ಸೆಂ.ಮೀ., ತುಂಬಿದರೆ 54 ಲೀಟರ್. ವಾರಕ್ಕೆ ಮೂರನೇ ಒಂದು ಪಾಲು ನೀರು ಬದಲಿಸಿದರೂ 18 ಲೀಟರ್. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಈಗ ಹಳ್ಳಿಹಳ್ಳಿಯಲ್ಲಿದೆ. ವಾರಕ್ಕೆ ಒಂದು ಕ್ಯಾನ್ ದೊಡ್ಡ ಖರ್ಚಲ್ಲ. ಬರೀ ಆರ್‌ಓ ನೀರಿನಲ್ಲಿ ಕ್ಯಾಲ್ಸಿಯಂ ಅಷ್ಟಾಗಿ ಇರುವುದಿಲ್ಲ, ಮನೆಯ ನೀರನ್ನೂ ಒಂದು ಪಾಲು ಬೆರೆಸಬೇಕು. ಬೇಸಿಗೆಯಲ್ಲಿ ಆವಿಯಾಗಿ ಇಳಿದ ನೀರನ್ನು ತುಂಬುವಾಗ ಮಾತ್ರ ಆರ್‌ಓ ನೀರೇ ಇರಲಿ. ಆವಿಯಾಗುವುದು ನೀರು, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರ್‌ವೆಲ್ ನೀರು ಸುರಿದರೆ ತಿಂಗಳಿಂದ ತಿಂಗಳಿಗೆ ಗಡಸು ಏರುತ್ತಲೇ ಹೋಗುತ್ತದೆ.

ಬೇರಿನಿಂದ ಉಣ್ಣುವ ಗಿಡ, ನೀರಿನಿಂದ ಉಣ್ಣುವ ಗಿಡ

ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್ ಈ ಮೂರನ್ನೇ ಹಾಕುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಇವನ್ನು ಕಲ್ಲಿಗೋ ಕಟ್ಟಿಗೆಗೋ ದಾರದಿಂದ ಕಟ್ಟುತ್ತಾರೆ. ಅನುಬಿಯಾಸ್, ಜಾವಾ ಫರ್ನ್‌ನ ದಪ್ಪ ಗೆಡ್ಡೆಕಾಂಡವನ್ನು ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ. ಇವುಗಳ ಕೆಳಗೆ ದುಬಾರಿ ಮಣ್ಣು ಹಾಸಿದರೆ ಅದರ ಲಾಭ ಪಾಚಿಗೆ.

ರೋಟಾಲಾ, ಹೈಗ್ರೋಫಿಲಾದಂಥ ಉದ್ದ ಕಾಂಡದ ಗಿಡಗಳು ಎರಡೂ ಕಡೆಯಿಂದ ಉಣ್ಣುತ್ತವೆ, ನೀರಿಗೆ ಹಾಕುವ ದ್ರವಗೊಬ್ಬರದಲ್ಲೇ ಚೆನ್ನಾಗಿ ಏಳುತ್ತವೆ. ತಳದ ಪೋಷಕಾಂಶ ನಿಜಕ್ಕೂ ಬೇಕಾಗುವುದು ಅಮೆಜಾನ್ ಸ್ವೋರ್ಡ್, ಕ್ರಿಪ್ಟೊಕೊರೈನ್, ವ್ಯಾಲಿಸ್ನೇರಿಯಾ ಇಂಥ ಬೇರುಬಾಕ ಗಿಡಗಳಿಗೆ ಮತ್ತು ಹುಲ್ಲುಹಾಸಿನಂತೆ ಹಬ್ಬುವ ಮಾಂಟೆ ಕಾರ್ಲೊ, ಡ್ವಾರ್ಫ್ ಹೇರ್‌ಗ್ರಾಸ್‌ಗೆ. ಇದರಲ್ಲಿ ವ್ಯಾಲಿಸ್ನೇರಿಯಾ ನಮ್ಮ ನೀರಿಗೆ ಹೇಳಿ ಮಾಡಿಸಿದ ಗಿಡ. ಗಡಸು ನೀರಿನ ಬೈಕಾರ್ಬನೇಟನ್ನೇ ಇಂಗಾಲಕ್ಕಾಗಿ ಬಳಸಿಕೊಳ್ಳುವ ಶಕ್ತಿ ಅದಕ್ಕಿದೆ. ಬೇರೆ ಗಿಡ ಸೊರಗುವ ನೀರಿನಲ್ಲಿ ಅದು ಓಟ ಕೀಳುತ್ತದೆ.

ಸೆಕೆ

ಮೂರನೆಯ ಅಳತೆ ಇದು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯ ನೀರು ಸುಮಾರು ಏಳೂವರೆ. ತಳದಲ್ಲಿ ಕೊಳೆಯುವ ವಸ್ತು ಹೆಚ್ಚಿದ್ದಷ್ಟೂ ಈ ಆಮ್ಲಜನಕ ಖರ್ಚಾಗುತ್ತದೆ. ಏಪ್ರಿಲ್ ರಾತ್ರಿ ಕರೆಂಟ್ ಹೋಗಿ ಏರ್ ಪಂಪ್ ನಿಂತಾಗ ಮೊದಲು ಮೇಲೆ ಬಂದು ಬಾಯಿ ಬಡಿಯುವುದು ಗೊಬ್ಬರಮಣ್ಣಿನ ಟ್ಯಾಂಕಿನ ಮೀನುಗಳು. ಕೊಳೆಯುವುದರಿಂದ ಏಳುವ ಅಮೋನಿಯಾದ ಲೆಕ್ಕವೂ ಹಾಗೇ: 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ಶೇ. 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇ. 7ರ ಆಚೆ. ಅಷ್ಟೇ ಅಮೋನಿಯಾ, ಸುಮಾರು ಹತ್ತು ಪಟ್ಟು ಕೆಡುಕು.

ಉಳಿದ ಅಳತೆಗಳು ನಿಮಗೇ ಗೊತ್ತಿರುವಂಥವು: ದುಡ್ಡು, ವ್ಯವಧಾನ, ಬಾಡಿಗೆ ಮನೆಯೋ ಸ್ವಂತದ್ದೋ.

ಅಕ್ವಾಸಾಯಿಲ್

ಮಣ್ಣನ್ನು ಕಾಳಿನಂತೆ ಉಂಡೆಗಟ್ಟಿ ಹದವಾಗಿ ಸುಟ್ಟು ಮಾಡುವ ತಳ ಇದು. ತಕಾಶಿ ಅಮಾನೊ 1982ರಲ್ಲಿ ಕಟ್ಟಿದ ಜಪಾನಿನ ಎಡಿಎ ಕಂಪನಿಯ ಅಮೆಜೋನಿಯಾ, ಡೆನ್ಮಾರ್ಕಿನ ಟ್ರೋಪಿಕಾ ಇದರಲ್ಲಿ ಹೆಸರುವಾಸಿ. ಅಗ್ಗದ ಬ್ರಾಂಡುಗಳೂ ಬಂದಿವೆ. ಸಾಮಾನ್ಯವಾಗಿ 3 ಲೀಟರ್, 9 ಲೀಟರ್ ಚೀಲ. ಲೆಕ್ಕ ಸುಲಭ: ಉದ್ದ, ಅಗಲ, ಆಳವನ್ನು ಸೆಂ.ಮೀ.ನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ. 60×30 ತಳಕ್ಕೆ ಸರಾಸರಿ 5 ಸೆಂ.ಮೀ. ಆಳ ಬೇಕಾದರೆ 9 ಲೀಟರ್, ಅಂದರೆ ಸರಿಯಾಗಿ ಒಂದು ದೊಡ್ಡ ಚೀಲ. ವಿದೇಶಿ ಹೆಸರಿನದಾದರೆ ಕೆಲವು ಸಾವಿರ ರೂಪಾಯಿ.

ಆ ದುಡ್ಡಿಗೆ ಎರಡು ಗುಣ ಸಿಗುತ್ತವೆ. ಒಂದು, ಪೋಷಕಾಂಶ. ಇನ್ನೊಂದು, ನೀರಿನ ಕೆಎಚ್ ಹೀರಿಕೊಂಡು ಪಿಎಚ್ ಅನ್ನು 7ರ ಕೆಳಗೆ ಎಳೆಯುವ ಶಕ್ತಿ. ಈ ಎರಡನೆಯದಕ್ಕೇ ಹೆಚ್ಚು ಬೆಲೆ, ನಮ್ಮ ನೀರಿನಲ್ಲಿ ಬೇಗ ಖಾಲಿಯಾಗುವುದೂ ಅದೇ. ಮೆದು ನೀರಿನಲ್ಲಿ ಒಂದೆರಡು ವರ್ಷ ಬರುವ ಈ ಗುಣ, ವಾರವಾರವೂ ಹದಿನೈದು ಡಿಗ್ರಿ ಕೆಎಚ್ ನೀರು ಸುರಿದರೆ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಆಮೇಲೂ ಅದು ಕೆಟ್ಟ ತಳವೇನಲ್ಲ. ಕಾಳು ಸಡಿಲವಾಗಿದ್ದು ಬೇರು ಸಲೀಸಾಗಿ ಇಳಿಯುತ್ತದೆ, ರೂಟ್ ಟ್ಯಾಬ್ (ಬೇರಿನ ಬಳಿ ಹೂಳುವ ಗೊಬ್ಬರದ ಗುಳಿಗೆ) ಕೊಟ್ಟರೆ ಗಿಡವೂ ಬರುತ್ತದೆ. ಆದರೆ ಆ ಕೆಲಸವನ್ನು ಉಸುಕೂ ಮಾಡುತ್ತಿತ್ತಲ್ಲ!

ಇನ್ನೊಂದು ಎಚ್ಚರ ಆರಂಭದ ಅಮೋನಿಯಾ. ಹೊಸ ಅಕ್ವಾಸಾಯಿಲ್‌ಗಳಲ್ಲಿ ಹಲವು ಮೊದಲ ವಾರಗಳಲ್ಲಿ ಅಮೋನಿಯಾ ಬಿಡುತ್ತವೆ. ಮೊದಲ ವಾರ ದಿನ ಬಿಟ್ಟು ದಿನ ನೀರು ಬದಲಿಸಿ, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದಮೇಲೆ ಮೀನು ಬಿಡಬೇಕು. ಅದಕ್ಕೆ ತಿಂಗಳಾದರೂ ಹಿಡಿಯುತ್ತದೆ. ಇಷ್ಟೊಂದು ಆರ್‌ಓ ನೀರು ಹೊರುವುದು ಆರಂಭದ ತಿಂಗಳಲ್ಲಿ ಭಾರವೇ. ಕಾಳುಗಳನ್ನು ಹಾಕುವ ಮುಂಚೆ ತೊಳೆಯಬಾರದು, ಆಗಾಗ ಗಿಡ ಕಿತ್ತು ನೆಡಬಾರದು, ಪುಡಿಯಾಗಿ ಕೆಸರಾಗುತ್ತದೆ.

ಹಾಗಾದರೆ ಯಾರಿಗೆ? ಮಾಂಟೆ ಕಾರ್ಲೊ ಹಾಸಿನ ಆಸೆ ಇದ್ದು ಇಂಗಾಲದ ಡೈಆಕ್ಸೈಡ್ ಸಿಲಿಂಡರ್, ಒಳ್ಳೆ ಲೈಟ್ ಇರುವವರಿಗೆ. ಕ್ರಿಸ್ಟಲ್ ರೆಡ್‌ನಂಥ ಮೆದು ಆಮ್ಲೀಯ ನೀರು ಬೇಡುವ ಸೀಗಡಿ ಸಾಕುವವರಿಗಂತೂ ಇದೇ ಸರಿ, ಬೇರೆ ದಾರಿ ಹುಡುಕಬೇಡಿ. ಟ್ಯಾಂಕ್ ಒಂದಡಿ, ಒಂದೂವರೆ ಅಡಿಯದಾದರೆ 3 ಲೀಟರಿನ ಒಂದೆರಡು ಚೀಲ, ವಾರಕ್ಕೆ ಅರ್ಧ ಕ್ಯಾನ್ ಆರ್‌ಓ ನೀರು ಸಾಕು. ಚಿಕ್ಕ ಟ್ಯಾಂಕಿನಲ್ಲಿ ಅಕ್ವಾಸಾಯಿಲ್ ಲೆಕ್ಕ ನಮ್ಮಲ್ಲೂ ಕೂಡಿಬರುತ್ತದೆ. ಗಪ್ಪಿ, ಮಾಲಿ ಸಾಕುವವರಿಗೆ ಬೇಡವೇ ಬೇಡ. ಅವಕ್ಕೆ ಗಡಸು ನೀರೇ ಇಷ್ಟ. ದುಡ್ಡು ಕೊಟ್ಟು ಅವುಗಳ ನೀರು ಕೆಡಿಸಿದಂತೆ.

ಉಸುಕು ಮತ್ತು ರೂಟ್ ಟ್ಯಾಬ್

ಈ ಮೂರು ಜಿಲ್ಲೆಗಳ ಬಹುಪಾಲು ಮನೆಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ಉಸುಕು ತನ್ನಷ್ಟಕ್ಕೆ ಏನೂ ಕೊಡುವುದಿಲ್ಲ, ಏನೂ ಕೆಡಿಸುವುದೂ ಇಲ್ಲ. ಜನವರಿಯ ಕಾಲುವೆ ನೀರಿಗೂ ಮೇ ತಿಂಗಳ ಟ್ಯಾಂಕರ್ ನೀರಿಗೂ ಅದು ಒಂದೇ ಥರ ಇರುತ್ತದೆ. ಪೋಷಕಾಂಶವನ್ನು ಗಿಡ ಇದ್ದ ಜಾಗಕ್ಕಷ್ಟೇ, ಬೇಕಾದಷ್ಟೇ ಕೊಡುವ ಹಿಡಿತ ನಿಮ್ಮ ಕೈಯಲ್ಲಿರುತ್ತದೆ.

ನದಿ ಉಸುಕು ಸಿಕ್ಕರೆ ಒಳ್ಳೆಯದು. ನಿಮಗೆ ಬೇಕಾದದ್ದು ಒಂದು ಬಕೆಟ್ ಅಷ್ಟೇ, ಮನೆ ಕಟ್ಟಿಸುತ್ತಿರುವ ಪರಿಚಯದವರನ್ನು ಕೇಳಿದರೆ ಸಾಕು. ಎರಡು ಜರಡಿ ಹಿಡಿಯಿರಿ: ದೊಡ್ಡ ಕಣ್ಣಿನದರಲ್ಲಿ ಕಲ್ಲು ತೆಗೆಯುವುದು, ಸಣ್ಣ ಕಣ್ಣಿನದರಲ್ಲಿ ನುಣ್ಣನೆ ಪುಡಿ ಕಳೆಯುವುದು. ಉಳಿಯಬೇಕಾದದ್ದು 1ರಿಂದ 3 ಮಿ.ಮೀ. ಕಾಳು. ಗಿಲಾವಿಗೆ ಬಳಸುವ ನುಣ್ಣನೆ ಉಸುಕು ಗಟ್ಟಿಯಾಗಿ ಕೂತು ಬೇರಿಗೆ ಉಸಿರುಗಟ್ಟಿಸುತ್ತದೆ.

ಕಟ್ಟಡದ ಉಸುಕಿನಲ್ಲಿ ಸಿಮೆಂಟ್, ಸುಣ್ಣದ ಚೂರು ಸೇರಿರುವುದುಂಟು. ಒಂದು ಚಮಚ ಒಣ ಉಸುಕನ್ನು ಗಾಜಿನ ಲೋಟಕ್ಕೆ ಹಾಕಿ ಅದರ ಮೇಲೆ ವಿನೆಗರ್ ಸುರಿಯಿರಿ. ಸುರಿದ ಕೂಡಲೇ ಏಳುವ ಗಾಳಿಗುಳ್ಳೆ ಲೆಕ್ಕಕ್ಕಿಲ್ಲ, ಅದು ಕಾಳುಗಳ ನಡುವೆ ಸಿಕ್ಕ ಗಾಳಿ. ಅರ್ಧ ನಿಮಿಷದ ನಂತರವೂ ಕೆಲವು ಕಾಳುಗಳಿಂದ ಸಣ್ಣ ಗುಳ್ಳೆಗಳ ಸಾಲು ಸೊಯ್ಯೆಂದು ಏಳುತ್ತಲೇ ಇದ್ದರೆ ಅದರಲ್ಲಿ ಸುಣ್ಣವಿದೆ. ಮೊದಲೇ ಗಡಸಾದ ನೀರಿಗೆ ಅದು ಇನ್ನಷ್ಟು ಗಡಸು ಸೇರಿಸುತ್ತದೆ, ಬಿಟ್ಟುಬಿಡಿ. ಇದೇ ಕಾರಣಕ್ಕೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಬಿಳಿ ಮಾರ್ಬಲ್ ಚಿಪ್ಸ್ ಕೂಡ ಗಿಡದ ಟ್ಯಾಂಕಿಗೆ ಬೇಡ. ಬಣ್ಣ ಬಳಿದ ಕಲ್ಲುಗಳ ಮಾತು ಎತ್ತುವುದೇ ಬೇಡ.

ಎಂ-ಸ್ಯಾಂಡ್ ಆಗುತ್ತಾ? ಗ್ರಾನೈಟ್ ಒಡೆದು ಮಾಡಿದ್ದರಿಂದ ನೀರಿನ ಗುಣ ಅಷ್ಟಾಗಿ ಬದಲಿಸುವುದಿಲ್ಲ. ಆದರೆ ಹಿಟ್ಟಿನಂಥ ಧೂಳು ಬಹಳ, ತೊಳೆದು ತೊಳೆದು ಸಾಕಾಗುತ್ತದೆ. ಕಾಳಿನ ಅಂಚು ಚೂಪು. ಕೋರಿಡೋರಾಸ್‌ನಂತೆ ಮೀಸೆಯಿಂದ ತಳ ಕೆದಕಿ ತಿನ್ನುವ ಮೀನಿದ್ದರೆ ಬೇಡ.

60×30 ತಳಕ್ಕೆ 9 ಲೀಟರ್ ಉಸುಕು, ಒಣಗಿದ್ದಾಗ ಸುಮಾರು 14 ಕೆ.ಜಿ. ಮುಂದೆ 3 ಸೆಂ.ಮೀ., ಹಿಂದೆ 7 ಸೆಂ.ಮೀ. ಇಳಿಜಾರು ಕೊಟ್ಟರೆ ನೋಡಲೂ ಚೆಂದ, ಹಿಂದಿನ ದೊಡ್ಡ ಗಿಡಗಳಿಗೆ ಬೇರಿಳಿಸಲೂ ಜಾಗ. ರೂಟ್ ಟ್ಯಾಬ್‌ಗಳನ್ನು ಚಿಮಟದಲ್ಲಿ ಹಿಡಿದು ಗಾಜಿನ ತಳಕ್ಕೆ ತಾಗುವಷ್ಟು ಆಳಕ್ಕೆ ಒತ್ತಿ, 10–15 ಸೆಂ.ಮೀ. ಅಂತರದಲ್ಲಿ. ಸ್ವೋರ್ಡ್ ಗಿಡಕ್ಕೆ ತನ್ನದೇ ಒಂದು ಟ್ಯಾಬ್ ಬೇಕು.

ಟ್ಯಾಬ್ ದುಬಾರಿ ಎನಿಸಿದವರು ಖಾಲಿ ಜೆಲಟಿನ್ ಕ್ಯಾಪ್ಸೂಲಿಗೆ ಆಸ್ಮೊಕೋಟ್ ಥರದ ಲೇಪನವಿರುವ ನಿಧಾನಗೊಬ್ಬರ ತುಂಬಿ ಮಾಡಿಕೊಳ್ಳುತ್ತಾರೆ. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಒಂದು ಎಚ್ಚರ ಬಿಟ್ಟರೆ. ಡಬ್ಬಿಯ ಮೇಲಿನ "ಇಷ್ಟು ತಿಂಗಳು" ಎಂಬ ಅವಧಿ ಸುಮಾರು 21 ಡಿಗ್ರಿ ಉಷ್ಣತೆಯ ಲೆಕ್ಕದ್ದು. ಸೆಕೆ ಹೆಚ್ಚಿದಷ್ಟೂ ಲೇಪನದ ಮೂಲಕ ಗೊಬ್ಬರ ಬೇಗ ಹೊರಬರುತ್ತದೆ. ನಮ್ಮ ಟ್ಯಾಂಕಿನ ನೀರು ವರ್ಷದ ಬಹುಪಾಲು ಅದಕ್ಕಿಂತ ಬಿಸಿ. ಆದ್ದರಿಂದ ಒಮ್ಮೆಲೇ ಹೆಚ್ಚು ಹಾಕದೆ, ಕ್ಯಾಪ್ಸೂಲಿಗೆ ಕೆಲವೇ ಕಾಳು ತುಂಬಿ, ಎರಡು ತಿಂಗಳಿಗೊಮ್ಮೆ ಕೊಡುವುದು ಲೇಸು.

ಗೊಬ್ಬರದ ಅಂಗಡಿ ಹತ್ತಿರವಿರುವ ಊರು ನಮ್ಮದು, ಹಾಗಾಗಿ ಇದನ್ನೂ ಹೇಳಬೇಕು: "ಒಂದು ಚಿಟಿಕೆ ಡಿಎಪಿ, ನಾಲ್ಕು ಕಾಳು ಯೂರಿಯಾ ಹಾಕಿದರೆ ಏನಾಗುತ್ತೆ" ಎಂಬ ಆಸೆ ಬೇಡ. ಹೊಲದಲ್ಲಿ ಎಕರೆಗೆ ಹರಡಿ ಹೋಗುವ ಅಮೋನಿಯಾ 50 ಲೀಟರಿನಲ್ಲಿ ಎಲ್ಲಿಗೆ ಹೋಗಬೇಕು? ಪಿಎಚ್ 8ರ ಬಿಸಿ ನೀರಿನ ಲೆಕ್ಕ ಮೇಲೆಯೇ ಕೊಟ್ಟಿದ್ದೇನೆ.

ಉಸುಕಿನ ಕೊರತೆ ಎಂದರೆ ಗಿಡ ಹಿಡಿದುಕೊಳ್ಳುವುದು ನಿಧಾನ. ಮೊದಲ ತಿಂಗಳು ಏನೂ ಆಗುತ್ತಿಲ್ಲ ಅನಿಸುತ್ತದೆ. ಟ್ಯಾಬ್ ಹಾಕಲು ಮರೆತರೆ ಸ್ವೋರ್ಡ್ ಎಲೆ ಹಳದಿಗೆ ತಿರುಗಿ ನೆನಪಿಸುತ್ತದೆ.

ಕೆಮ್ಮಣ್ಣಿನ ಮೇಲೆ ಉಸುಕು

ತಳದಲ್ಲಿ ತೆಳುವಾಗಿ ಮಣ್ಣು, ಅದರ ಮೇಲೆ ಉಸುಕಿನ ಮುಚ್ಚಳ. ಅಮೆರಿಕದ ಡಯಾನಾ ವಾಲ್‌ಸ್ಟಾಡ್ ಪ್ರಚಾರಕ್ಕೆ ತಂದ ಈ ಪದ್ಧತಿಯಲ್ಲಿ ಖರ್ಚು ಹೆಚ್ಚುಕಡಿಮೆ ಸೊನ್ನೆ, ಗಿಡದ ಬೆಳವಣಿಗೆ ಕೆಲವೊಮ್ಮೆ ಅಕ್ವಾಸಾಯಿಲ್ಲನ್ನೂ ಮೀರಿಸುತ್ತದೆ. ಗೆದ್ದರೆ ಇದರಷ್ಟು ಸೊಗಸು ಬೇರೆಯಿಲ್ಲ, ಕೆಟ್ಟರೆ ಇದರಷ್ಟು ರಗಳೆಯೂ ಬೇರೆಯಿಲ್ಲ.

ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಧಾರಾಳ. ನೀರಿನಡಿಯಲ್ಲಿ ಆಮ್ಲಜನಕ ಕಡಿಮೆಯಾದಾಗ ಆ ಕಬ್ಬಿಣ ಕರಗುವ ರೂಪಕ್ಕೆ ತಿರುಗುತ್ತದೆ, ಅದರ ಜೊತೆ ಅಂಟಿಕೊಂಡಿದ್ದ ರಂಜಕವೂ ಬಿಡುಗಡೆಯಾಗುತ್ತದೆ. ಎರಡೂ ಗಿಡಕ್ಕೆ ಬೇಕಾದವೇ. ಹಾಗಂತ ಸಂಡೂರು ಕಡೆಯ ಅದಿರಿನ ಪುಡಿ ತಂದು ಸುರಿಯುವುದರಲ್ಲಿ ಅರ್ಥವಿಲ್ಲ. ಬೇರಿಗೆ ಬೇಕಾಗುವುದು ಚೂರೇ ಚೂರು, ಮಣ್ಣಿನಲ್ಲಿರುವುದೇ ಮಿಕ್ಕುತ್ತದೆ.

ಮಣ್ಣು ಎಲ್ಲಿಂದ ತರಬೇಕು ಎಂಬುದೇ ಇಲ್ಲಿ ಮುಖ್ಯ. ಭತ್ತದ ಗದ್ದೆಯ ಮಣ್ಣು ಬೇಡ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳಿಗೆ ಬೀಳುವ ಕೀಟನಾಶಕ ಕಡಿಮೆಯದೇನಲ್ಲ. ಅದರ ಶೇಷ ಇದ್ದರೆ ಮೊದಲು ಸಾಯುವುದು ಸೀಗಡಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೀರು ನಿಂತು ಸವಳಾದ ಜಮೀನಿನ ಮಣ್ಣಂತೂ ಮುಟ್ಟಬಾರದು. ಔಷಧಿ ಹೊಡೆಯದ ಹಿತ್ತಿಲು, ಬಯಲು ದಿಣ್ಣೆ, ಮನೆಯ ಪಾಯ ತೆಗೆದಾಗ ಬಂದ ಕೆಮ್ಮಣ್ಣು ಒಳ್ಳೆಯದು. ಪರಿಚಯದ ರೈತರ ಜಮೀನಾದರೆ ಅವರ ಮಣ್ಣು ಆರೋಗ್ಯ ಕಾರ್ಡ್ ಕೇಳಿ ನೋಡಿ. 2015ರಿಂದ ಕೊಡುತ್ತಿರುವ ಈ ಕಾರ್ಡಿನಲ್ಲಿ ಹನ್ನೆರಡು ಅಂಶಗಳಿರುತ್ತವೆ. ನಿಮಗೆ ಬೇಕಾದದ್ದು ಎರಡೇ ಸಾಲು: ಪಿಎಚ್ ಏಳರ ಆಸುಪಾಸು, ಲವಣಾಂಶ ತೋರಿಸುವ ಇಸಿ 1ಕ್ಕಿಂತ ಸಾಕಷ್ಟು ಕೆಳಗೆ.

ಕಾರ್ಡಿಲ್ಲದಿದ್ದರೆ ಬಾಟಲಿ ಪರೀಕ್ಷೆ ಮಾಡಿ. ಪಾರದರ್ಶಕ ಬಾಟಲಿಗೆ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಜೋರಾಗಿ ಅಲ್ಲಾಡಿಸಿ ಇಡಿ. ಉಸುಕು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಅದರ ಮೇಲೆ ನುಣುಪು ಮಣ್ಣಿನ ಪದರ ಕೂರುತ್ತದೆ, ಕಸಕಡ್ಡಿ ಮೇಲೆ ತೇಲುತ್ತದೆ. ಮರುದಿನಕ್ಕೆ ನೀರು ಸುಮಾರಾಗಿ ತಿಳಿಯಾಗಿ, ತಳದಲ್ಲಿ ಅರ್ಧದಷ್ಟಾದರೂ ಉಸುಕಿನ ಪದರ ಕಂಡರೆ ಮಣ್ಣು ಆಯಿತು. ಎರಡು ದಿನವಾದರೂ ನೀರು ಚಹಾದಂತೆ ರಾಡಿಯೇ ಇದ್ದರೆ ಜೇಡಿ ಜಾಸ್ತಿ ಅಥವಾ ಸವಳು. ಬೇರೆ ಮಣ್ಣು ಹುಡುಕಿ.

ಆಯ್ದ ಮಣ್ಣನ್ನು ಜರಡಿ ಹಿಡಿದು, ನೀರಲ್ಲಿ ನೆನೆಸಿ, ಮೇಲೆ ತೇಲಿದ್ದನ್ನು ಚೆಲ್ಲಿ, ಬಿಸಿಲಿಗೆ ಹರಡಿ. ಹೀಗೆ ಮೂರ್ನಾಲ್ಕು ಸಲ ನೆನೆಸಿ ಒಣಗಿಸಿದರೆ ಕೊಳೆಯುವುದೆಲ್ಲ ಮೊದಲೇ ಕೊಳೆತು, ತೊಟ್ಟಿಯಲ್ಲಿ ಏಳುವ ಅಮೋನಿಯಾ ತಗ್ಗುತ್ತದೆ. ತಂಪು ದೇಶದವರು ವಾರಗಟ್ಟಲೆ ಕಾಯುವ ಈ ಕೆಲಸ ನಮ್ಮ ಬಿಸಿಲಿಗೆ ಮಾಳಿಗೆ ಮೇಲೆ ಬೇಗ ಮುಗಿಯುತ್ತದೆ. ಎರೆಹುಳು ಗೊಬ್ಬರ ಬೆರೆಸುವುದಾದರೆ ಹತ್ತು ಪಾಲು ಮಣ್ಣಿಗೆ ಒಂದು ಪಾಲು ಮೀರದಿರಲಿ. ಸಗಣಿ ಗೊಬ್ಬರ ಬೇಡ.

ಮಣ್ಣು 2ರಿಂದ 2.5 ಸೆಂ.ಮೀ., ಮೇಲೆ ಉಸುಕು ಅಷ್ಟೇ ಅಥವಾ ಸ್ವಲ್ಪ ಹೆಚ್ಚು. ಮೊದಲ ದಿನವೇ ಒತ್ತೊತ್ತಾಗಿ ಗಿಡ ನೆಡಬೇಕು. ನಾಲ್ಕು ಗಿಡ ನೆಟ್ಟು ನೋಡೋಣ ಎನ್ನುವವರಿಗೆ ಈ ಪದ್ಧತಿ ಒಗ್ಗದು, ಖಾಲಿ ಜಾಗದ ಪೋಷಕಾಂಶ ಪಾಚಿಗೆ ಹೋಗುತ್ತದೆ. ತಳದಿಂದ ದೊಡ್ಡ ಗುಳ್ಳೆ ಎದ್ದು ಕೊಳೆತ ಮೊಟ್ಟೆಯ ವಾಸನೆ ಬಂದರೆ ತೆಳು ಕಡ್ಡಿಯಿಂದ ಅಲ್ಲಲ್ಲಿ ಮೆಲ್ಲಗೆ ಚುಚ್ಚಿ ಗಾಳಿ ಬಿಡಿ. ಟ್ರಂಪೆಟ್ ಬಸವನಹುಳುಗಳು ಈ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತವೆ.

ಇದನ್ನು ಏಪ್ರಿಲ್, ಮೇನಲ್ಲಿ ಮಾತ್ರ ಶುರು ಮಾಡಬೇಡಿ. ಹೊಸ ಮಣ್ಣು, ಬಿಸಿ ನೀರು, ಹೋಗಿಬರುವ ಕರೆಂಟ್ ಮೂರೂ ಸೇರುವುದು ಬೇಡ. ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಬೇಸಿಗೆ ಹೊತ್ತಿಗೆ ಬೇರು ತುಂಬಿ ತಳ ಪಳಗಿರುತ್ತದೆ.

ಎರೆಮಣ್ಣು, ಸುಟ್ಟ ಜೇಡಿ, ಕುಂಡ

ಎರೆಮಣ್ಣಿನ ಬಗ್ಗೆ ಕೇಳದವರಿಲ್ಲ. ಜೋಳ, ಹತ್ತಿ, ಕಡಲೆಗೆ ಬಂಗಾರದಂಥ ನೆಲ, ಪೋಷಕಾಂಶ ಹಿಡಿದಿಟ್ಟುಕೊಳ್ಳುವುದರಲ್ಲಿ ಕೆಮ್ಮಣ್ಣಿಗಿಂತ ಹಲವು ಪಟ್ಟು ಮೇಲು. ಆದರೂ ಟ್ಯಾಂಕಿನ ತಳಕ್ಕೆ ಹಾಸಲು ಬೇಡ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಯಾವ ಅಂಟು ಗುಣ ಬೇಕೋ ಅದೇ ಗುಣ ಗಾಜಿನ ತಳದಲ್ಲಿ ಗಾಳಿಯಾಡದ ರಾಡಿಯಾಗಿ ಕೂರುತ್ತದೆ. ನೀರು ಕುಡಿದರೆ ಉಬ್ಬುವ ಜೇಡಿ ಅದು. ಮೇಲಾಗಿ ಅದರಲ್ಲಿ ಸುಣ್ಣದ ಹರಳು ಸೇರಿರುತ್ತದೆ, ಪಿಎಚ್ 8ರ ಆಸುಪಾಸು. ಆ ಸ್ಥಿತಿಯಲ್ಲಿ ಕಬ್ಬಿಣ ಗಿಡಕ್ಕೆ ಸುಲಭವಾಗಿ ಸಿಗುವುದಿಲ್ಲ. ಒಂದು ಗಿಡ ಕಿತ್ತರೆ ದಿನಗಟ್ಟಲೆ ನೀರು ಕದಡುತ್ತದೆ. ಎರೆಮಣ್ಣು ಬಳಸಲೇಬೇಕೆಂಬ ಹಟವಿದ್ದರೆ ನಿಧಾನಗೊಬ್ಬರದ ನಾಲ್ಕು ಕಾಳು ಒಳಗಿಟ್ಟು ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಅರೆಒಣಗಿದಾಗ ಉಸುಕಿನ ತಳಕ್ಕೆ ಒತ್ತಿ. ಅಷ್ಟಕ್ಕೆ ಅದು ಲಾಯಕ್ಕು.

ಸೀಕೆಮ್‌ನ ಫ್ಲೋರೈಟ್‌ನಂಥ ಸಚ್ಛಿದ್ರ ಜೇಡಿ ಕಾಳುಗಳು ಮಧ್ಯದ ದಾರಿ. ನೀರಿನ ಕೆಎಚ್ ಮುಟ್ಟುವುದಿಲ್ಲ, ಪುಡಿಯಾಗುವುದಿಲ್ಲ, ತೊಳೆದು ಮತ್ತೆ ಬಳಸಬಹುದು. ಆದರೆ ಟ್ಯಾಬ್ ಇದಕ್ಕೂ ಬೇಕು, ಬೆಲೆ ಉಸುಕಿನದಲ್ಲ. ಬೋರ್‌ವೆಲ್ ನೀರಿಗೆ ದುಡ್ಡು ಖರ್ಚು ಮಾಡಲೇಬೇಕು ಅನ್ನುವವರಿಗೆ ಅಕ್ವಾಸಾಯಿಲ್‌ಗಿಂತ ಇದನ್ನೇ ಹೇಳುತ್ತೇನೆ.

ಯಾರೂ ಅಷ್ಟಾಗಿ ಹೇಳದ ಆಯ್ಕೆ ಕುಂಡದ್ದು. ಬಣ್ಣ, ಪಾಲಿಶ್ ಇಲ್ಲದ ಪುಟ್ಟ ಮಣ್ಣಿನ ಕುಡಿಕೆಗೆ ಮುಕ್ಕಾಲು ಪಾಲು ಕೆಮ್ಮಣ್ಣು ತುಂಬಿ, ಗಿಡ ನೆಟ್ಟು, ಮೇಲೆ ಎರಡು ಬೆರಳು ಉಸುಕು ಹಾಕಿ ಟ್ಯಾಂಕಿನಲ್ಲಿ ಇಳಿಸಿ. ಸುತ್ತ ತೆಳುವಾಗಿ ಉಸುಕು ಹರಡಿ ಕಲ್ಲು ಒತ್ತರಿಸಿದರೆ ಕುಡಿಕೆ ಕಾಣುವುದೂ ಇಲ್ಲ. ಮಣ್ಣು ಕೆಟ್ಟರೆ ಆ ಒಂದು ಕುಡಿಕೆ ಎತ್ತಿದರಾಯಿತು, ಇಡೀ ಟ್ಯಾಂಕ್ ಬಿಚ್ಚಬೇಕಿಲ್ಲ. ವರ್ಗಾವಣೆಯ ನೌಕರಿಯವರಿಗೆ, ಬಾಡಿಗೆ ಮನೆಯವರಿಗೆ, ಮಕ್ಕಳ ಆಸೆಗೆ ಮೊದಲ ಸಲ ಟ್ಯಾಂಕ್ ತಂದವರಿಗೆ ಇದಕ್ಕಿಂತ ಒಳ್ಳೆಯದು ಕಾಣೆ. ಹಬ್ಬುವ ಹುಲ್ಲುಹಾಸು ಮಾತ್ರ ಇದರಲ್ಲಿ ಆಗದು.

ನಿಮ್ಮದು ಯಾವ ಮನೆ?

ಬೋರ್‌ವೆಲ್ ನೀರು, ಗಪ್ಪಿ ಮಾಲಿ, ಕೆಲವು ನೂರು ರೂಪಾಯಿ ಬಜೆಟ್: ಉಸುಕು, ಟ್ಯಾಬ್, ವ್ಯಾಲಿಸ್ನೇರಿಯಾ ಮತ್ತು ಒಂದು ಸ್ವೋರ್ಡ್. ಕಣ್ಣು ಮುಚ್ಚಿ ಹೋಗಿ.

ನದಿ ನೀರು ವರ್ಷವಿಡೀ ಬರುತ್ತದೆ, ಕೈಯಲ್ಲಿ ವ್ಯವಧಾನವಿದೆ, ದುಡ್ಡು ಕಡಿಮೆ, ಕ್ರಿಪ್ಟೊಕೊರೈನ್ ಮತ್ತು ಕಾಂಡದ ಗಿಡಗಳ ಕಾಡು ಬೆಳೆಸುವ ಆಸೆ: ಕೆಮ್ಮಣ್ಣಿನ ಹಾಸು, ಚಳಿಗಾಲದ ಆರಂಭಕ್ಕೆ.

ಒಂದೂವರೆ ಅಡಿ ಟ್ಯಾಂಕ್, ಆರ್‌ಓ ಕ್ಯಾನ್ ತರಲು ಬೇಸರವಿಲ್ಲ, ಹಸಿರು ಹಾಸೋ ನಾಜೂಕಿನ ಸೀಗಡಿಯೋ ಬೇಕು: ಅಕ್ವಾಸಾಯಿಲ್, ಒಳ್ಳೆಯದನ್ನೇ ತನ್ನಿ. ಇದೇ ಆಸೆ ನಾಲ್ಕಡಿ ಟ್ಯಾಂಕಿನಲ್ಲಿ ಬೋರ್‌ವೆಲ್ ನೀರಿನಿಂದ ಎಂದರೆ ಮನೆಯಲ್ಲೇ ಆರ್‌ಓ ಕೂರಿಸುವ ಖರ್ಚನ್ನೂ ಮಣ್ಣಿನ ಬೆಲೆಗೆ ಸೇರಿಸಿ, ಆಮೇಲೆ ತೀರ್ಮಾನಿಸಿ.

ಎರಡರ ನಡುವೆ ತೂಗಾಡುತ್ತಿದ್ದರೆ ಹಿಂದಿನ ಅರ್ಧಕ್ಕೆ ನೈಲಾನ್ ಜಾಲರಿ ಚೀಲದಲ್ಲಿ ಅಕ್ವಾಸಾಯಿಲ್ ಅಥವಾ ಹದ ಮಾಡಿದ ಕೆಮ್ಮಣ್ಣು ಕಟ್ಟಿಟ್ಟು, ಮುಂದೆಯೂ ಮೇಲೆಯೂ ಉಸುಕು ಹಾಕಬಹುದು. ಬೇರುಬಾಕ ಗಿಡ ಹಿಂದೆ, ಮೀನು ಓಡಾಡುವ ಬಯಲು ಮುಂದೆ. 60×30 ಟ್ಯಾಂಕಿಗೆ 3 ಲೀಟರ್ ಚೀಲವೇ ಸಾಕಾಗುತ್ತದೆ. ಜಾಲರಿಯ ಕಣ್ಣು ಸಣ್ಣದಿರಲಿ, ಚೀಲದ ಬಾಯಿ ನೈಲಾನ್ ದಾರದಿಂದಲೇ ಕಟ್ಟಿ. ಹತ್ತಿ ದಾರ ನೀರಲ್ಲಿ ಕೊಳೆತು ಬಿಚ್ಚಿಕೊಳ್ಳುತ್ತದೆ.